ಮಳ್ಳು ಹಿಡಿದವನ ಡಿಸ್‌ಪ್ಲೇ ಷೇರು: ನನ್ನ ಅನುಭವ

"ಭಾವಾ, ಮಳ್ಳು ಹಿಡದ್ದಾ ನಿಂಗೆ?"

2021ರಲ್ಲಿ ನಾನು ಮೊದಲೇ ದುಡ್ಡು ಕಳೆದ ಕಂಪನಿಯ ಷೇರನ್ನೇ ಮತ್ತೆ ತಗೊಳ್ಳುತ್ತಿದ್ದೇನೆ ಅಂತ ಗೊತ್ತಾದಾಗ ನನ್ನ ಹೆಂಡತಿಯ ಅಣ್ಣ ಕೇಳಿದ್ದು ಇದು. ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಕೇಳಿದ. ಅವನ ತಪ್ಪಿಲ್ಲ ಬಿಡಿ. ಆಗ ನನ್ನ ತೊಂಬತ್ತು ಸಾವಿರ ರೂಪಾಯಿ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿದು ಕೂತಿತ್ತು. ಈಗ ಲೆಕ್ಕ ಬೇರೆ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಡಿಮ್ಯಾಟ್ (ಷೇರು ಇಡುವ ಖಾತೆ), ಸರ್ಕ್ಯೂಟ್ (ಒಂದು ದಿನದಲ್ಲಿ ಷೇರು ಏರುವ, ಬೀಳುವ ಮಿತಿ) ಎಲ್ಲ ಉದ್ದಕ್ಕೆ ವಿವರಿಸುವುದಿಲ್ಲ. ಕೈ ಸುಟ್ಟುಕೊಂಡವರಿಗೆ ಅದು ಗೊತ್ತೇ ಇದೆ. ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಬಸ್‌ಸ್ಟ್ಯಾಂಡ್, ಟೋಲ್ ಗೇಟುಗಳಲ್ಲಿ ಅಕ್ಷರ ಓಡುತ್ತಲ್ಲ, ಅಂಥ ಎಲ್‌ಇಡಿ ಬೋರ್ಡ್ ಮಾಡುವ ಕಂಪನಿ ಅಂತಿಟ್ಟುಕೊಳ್ಳಿ.

ನನ್ನದು ಶಿರಸಿಯಲ್ಲಿ ಟಿವಿ ರಿಪೇರಿ ಅಂಗಡಿ. 1996ರಿಂದ ಇದೇ ಕೆಲಸ. ಷೇರಿನ ಹುಚ್ಚು ಹಿಡಿದದ್ದೂ ಈ ಕೆಲಸದಿಂದಲೇ. ಬೇರೆಯವರಿಗೆ ಕಂಪನಿ ಅಂದರೆ ಪರದೆ ಮೇಲಿನ ನಂಬರು. ನನಗೆ ಹಾಗಲ್ಲ, ಒಳಗಿನ ಮಾಲು ಬಿಚ್ಚಿ ನೋಡಿದವನು ನಾನು ಅನ್ನುವ ಜಂಬ. ಆ ಜಂಬಕ್ಕೇ ಜಾಸ್ತಿ ದುಡ್ಡು ಹೋಯಿತು.

ಮೊದಲ ಪೆಟ್ಟು ಪಿಕ್ಚರ್ ಟ್ಯೂಬಿನದ್ದು. 2005ರಲ್ಲಿ ಟ್ಯೂಬ್ ಮಾಡುವ ಒಂದು ಕಂಪನಿಗೆ 38 ಸಾವಿರ ಹಾಕಿದೆ. ದಿನಕ್ಕೆ ನಾಲ್ಕು ಟ್ಯೂಬ್ ಟಿವಿ ಬಿಚ್ಚುತ್ತಿದ್ದೆ. ಇದು ಹೋಗುವ ಮಾಲಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ. 2007ರ ಕೊನೆಯ ಮೂರು ತಿಂಗಳಲ್ಲಿ ಜಗತ್ತಿನಲ್ಲಿ ಎಲ್‌ಸಿಡಿ ಟಿವಿಗಳ ಮಾರಾಟ ಟ್ಯೂಬ್ ಟಿವಿಯನ್ನು ಮೊದಲ ಸಲ ದಾಟಿತು. ಶಿರಸಿಗೆ ಆ ಸುದ್ದಿ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ನನ್ನ ಅಂಗಡಿಗೆ ಬರುವುದು ಹಳೇ ಟಿವಿ ಅಲ್ವಾ? ಅದನ್ನು ನೋಡಿ ಮುಂದಿನ ಮಾರುಕಟ್ಟೆ ಅಳೆಯಲು ಹೋಗಿದ್ದೆ. ಕಡೆಗೆ ನಾಲ್ಕು ಸಾವಿರ ಉಳಿಯಿತು. ಆಮೇಲೆ ಆ ಷೇರಿನ ವ್ಯಾಪಾರವೇ ನಿಂತಿತು. ಡಿಮ್ಯಾಟ್‌ನಲ್ಲಿ ಅದು ಈಗಲೂ ಇದೆ, ಸತ್ತವರ ಫೋಟೋ ಥರ.

ಎರಡನೆಯದು ಈ ಎಲ್‌ಇಡಿ ಕಂಪನಿ. 2018ರಲ್ಲಿ ದೊಡ್ಡ ಆರ್ಡರ್ ಸಿಕ್ಕಿತು ಅಂತ ಸುದ್ದಿ ಬಂತು. 62 ರೂಪಾಯಿಗೆ 500 ಷೇರು ತಗೊಂಡೆ. ಬಿತ್ತು. 48ಕ್ಕೆ ಇನ್ನು 500. ಮತ್ತೂ ಬಿತ್ತು.

ಆಗ ನಾನು ಒಂದು ಪ್ರಯೋಗ ಮಾಡಿದೆ. ಇದನ್ನು ಮಾತ್ರ ಸ್ವಲ್ಪ ಉದ್ದ ಹೇಳುತ್ತೇನೆ, ನನಗೆ ಇಷ್ಟದ ವಿಷಯ. ಪಿ10 ಮಾಡ್ಯೂಲ್ ಅಂದರೆ ಇಂಥ ಬೋರ್ಡಿಗೆ ಜೋಡಿಸುವ ಎಲ್‌ಇಡಿ ತುಂಡು, 32ಕ್ಕೆ 16 ಚುಕ್ಕೆಯದ್ದು. ಕಂಪನಿಯ ಮಾಲು ಎರಡು, ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಅಗ್ಗದ್ದು ಮೂರು. ಅಗ್ಗದ್ದು ಒಂದಕ್ಕೆ ಮುನ್ನೂರು ಚಿಲ್ಲರೆ. 2019ರ ಜೂನ್‌ನಲ್ಲಿ ಒಂದು ಜೋಡಿಯನ್ನು ಅಂಗಡಿಯ ಮಾಡಿನ ಕೆಳಗೆ ತೂಗಿಸಿದೆ. ಉಳಿದ ಮೂರನ್ನು ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋದೆ. ಬೈತಖೋಲದಲ್ಲಿ ಮೀನಿನ ವ್ಯಾಪಾರದ ಗೆಳೆಯನಿದ್ದಾನೆ. ಅವನ ಮನೆಯ ಸಮುದ್ರದ ಕಡೆಯ ಗೋಡೆಗೆ ಮೂರನ್ನೂ ಹೊಡೆದು ಬಂದೆ. ಅಲ್ಲಿದ್ದ ಎರಡು ಅಗ್ಗದ ಮಾಡ್ಯೂಲ್‌ಗಳಲ್ಲಿ ಒಂದಕ್ಕೆ ನಾನೇ ಬೆರೆಸಿದ ಲೇಪ ಬಳಿದಿದ್ದೆ.

ಆಗಸ್ಟ್ ಮುಗಿಯುವ ಮೊದಲೇ ಬರಿಮೈಯ ಅಗ್ಗದ್ದು ಸಾಲು ಸಾಲಾಗಿ ಸತ್ತಿತು. ಉಪ್ಪುಗಾಳಿಗೆ ಪಿನ್‌ಗಳಲ್ಲಿ ಹಸಿರು ಕಿಲುಬು. ಕಂಪನಿಯ ಮಾಲಿನಲ್ಲಿ ಎರಡು ಮಳೆಗಾಲಕ್ಕೆ ನಾಲ್ಕೈದು ಚುಕ್ಕೆ ಹೋದವು, ಅಷ್ಟೇ. ಲೇಪ ಬಳಿದ ಅಗ್ಗದ್ದೂ ಹೆಚ್ಚುಕಡಿಮೆ ಅಷ್ಟೇ ಬಾಳಿತು! ಲೇಪಕ್ಕೆ ಏನು ಬೆರೆಸಿದೆ ಅಂತ ಕೇಳಬೇಡಿ, ಕರಾವಳಿಯ ಬೋರ್ಡ್ ರಿಪೇರಿಯಲ್ಲಿ ಈಗಲೂ ಅದರಿಂದ ಅನ್ನ ಹುಟ್ಟುತ್ತಿದೆ. ಶಿರಸಿಯಲ್ಲಿ ಎರಡೂ ಬದುಕಿದವು. ಆದರೆ ಪವರ್ ಸಪ್ಲೈ ಒಳಗೆ ಇರುವೆ ಗೂಡು ಕಟ್ಟಿ ಅದು ಸುಟ್ಟುಹೋಯಿತು. ಘಟ್ಟದ ಮೇಲೆ ಉಪ್ಪಿಗಿಂತ ಇರುವೆ ದೊಡ್ಡ ಶತ್ರು, ಬರೆದಿಟ್ಟುಕೊಳ್ಳಿ.

ಪ್ರಯೋಗ ಒಳ್ಳೆಯದೇ. ಅದರಿಂದ ತೆಗೆದ ಅರ್ಥ ತಪ್ಪು: ಮಾಲು ಗಟ್ಟಿ ಅಂದರೆ ಷೇರೂ ಗಟ್ಟಿ ಅಂದುಕೊಂಡೆ. ಆಗಸ್ಟ್‌ನ ಫಲಿತಾಂಶ ನೋಡಿದ ಉಮೇದಿನಲ್ಲಿ ಸೆಪ್ಟೆಂಬರ್‌ನಲ್ಲಿ 35ಕ್ಕೆ ಸಾವಿರ ಷೇರು ತಗೊಂಡೆ. ಅಲ್ಲಿಗೆ ಒಟ್ಟು ಎರಡು ಸಾವಿರ ಷೇರು, ಸರಾಸರಿ 45. ಆ ವರ್ಷದ ಕೊನೆಗೆ ಆಡಿಟರ್ ಒಂದು ಕೆಟ್ಟ ಟಿಪ್ಪಣಿ ಬರೆದರು. ಹನ್ನೊಂದು ದಿನ ಲೋವರ್ ಸರ್ಕ್ಯೂಟ್. ದಿನಾ ಒಂಬತ್ತು ಗಂಟೆಗೆ ಮಾರಾಟಕ್ಕೆ ಹಾಕುವುದು, ಮೂರೂವರೆಗೆ ಹಾಗೇ ವಾಪಸ್ ಬರುವುದು. ಕೊಳ್ಳುವವರೇ ಇಲ್ಲ. 2020ರ ಮಾರಿ ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900 ಚಿಲ್ಲರೆ ಅಂಕ ಬಿತ್ತು. ನನ್ನ ಷೇರು 9ಕ್ಕೆ ಬಂತು. ಹೆಂಡತಿ ಏನೂ ಹೇಳಲಿಲ್ಲ. ಮಾತಾಡಿದ್ದರೆ ವಾಸಿಯಿತ್ತು.

ದಾರಿ ತೋರಿಸಿದ್ದು ಅದೇ ಭಾವ. ಲಾಕ್‌ಡೌನಿನಲ್ಲಿ ಜಗುಲಿಯಲ್ಲಿ ಕೂತು ಕಾಳುಮೆಣಸಿನ ವ್ಯಾಪಾರಿಯನ್ನು ಬೈಯುತ್ತಿದ್ದ. "ಮಾಲು ಹೋತು, ದುಡ್ಡು ಬೈಂದಿಲ್ಲೆ. ಅದು ಮಾರಿದ ಲೆಕ್ಕವಾ?" ಅಂದ. ನಾನು ಎದ್ದು ಒಳಗೆ ಹೋಗಿ ಕಂಪನಿಯ ನಾಲ್ಕು ವರ್ಷದ ವಾರ್ಷಿಕ ವರದಿ ತೆಗೆದೆ. ಮೊದಲೆಲ್ಲ ಅಧ್ಯಕ್ಷರ ಭಾಷಣ, ಬಣ್ಣದ ಫೋಟೋ, ಲಾಭದ ಸಾಲು ಇಷ್ಟೇ ಓದುತ್ತಿದ್ದವನು ನಾನು. ಈಗ ಗಿರಾಕಿಗಳ ಬಾಕಿ ಹುಡುಕಿದೆ. ಮಾರಾಟ ನೂರು ರೂಪಾಯಿ ಆದರೆ ಬರಬೇಕಾದ ಬಾಕಿ ನೂರ ನಲವತ್ತು! ಒಂದು ವರ್ಷಕ್ಕಿಂತ ಜಾಸ್ತಿ ಮಾರಾಟದ ದುಡ್ಡು ಹೊರಗೆ. ಗಿರಾಕಿ ಸರ್ಕಾರಿ ಇಲಾಖೆ. ಬಿಲ್ ನಿಧಾನ. ಗ್ಯಾರಂಟಿ ಮುಗಿಯುವ ತನಕ ಒಂದು ಪಾಲು ಹಿಡಿದಿಡುತ್ತಾರೆ. ಚೀನಾದಿಂದ ಬರುವ ಎಲ್‌ಇಡಿಗೆ ಮಾತ್ರ ಮುಂಗಡ ಕೊಡಬೇಕು. ನಡುವಿನ ಗುಂಡಿ ತುಂಬಲು ಬ್ಯಾಂಕ್ ಸಾಲ. ದೊಡ್ಡ ಆರ್ಡರ್ ಬಂದಷ್ಟೂ ಗುಂಡಿ ದೊಡ್ಡದು. ನಾನು ಸಿಹಿ ಸುದ್ದಿ ಅಂದುಕೊಂಡು ಕೊಂಡಿದ್ದು ಆ ಗುಂಡಿಯನ್ನೇ.

ಅಲ್ಲಿಂದ ನನ್ನ ರೀತಿ ಬದಲಾಯಿತು. ಆರ್ಡರಿನ ಸುದ್ದಿಗೆ ಒಂದು ಷೇರೂ ಕೊಳ್ಳಲಿಲ್ಲ. ಲಾಭದ ಲೆಕ್ಕ ಮೂರು ತಿಂಗಳಿಗೊಮ್ಮೆ ಬರುತ್ತದೆ, ಆದರೆ ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ, ಸಾಲ, ಬಾಕಿಯ ಪಟ್ಟಿ, ಬರುವುದು ಸೆಪ್ಟೆಂಬರ್ ಮತ್ತು ಮಾರ್ಚ್ ಲೆಕ್ಕಕ್ಕೆ ಮಾತ್ರ. ಅವೆರಡಕ್ಕೇ ಕಾದೆ. ಮಾರಾಟ ಬೀಳದೆ ಬಾಕಿ ಇಳಿದಿದೆಯಾ? ಮಾಲೀಕರು ಅಡವಿಟ್ಟ ಷೇರು ಬಿಡಿಸಿಕೊಳ್ಳುತ್ತಿದ್ದಾರಾ? ಇವೆರಡು ಸಾಲು. ಮೂರನೆಯ ಸಾಲೂ ಒಂದಿದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಸತತ ಎರಡು ಅರ್ಧವರ್ಷ ಬಾಕಿ ಇಳಿಯಿತು. ನೂರ ನಲವತ್ತಿದ್ದದ್ದು ತೊಂಬತ್ತರ ಹತ್ತಿರ ಬಂತು. ಅಡವಿದ್ದ ಷೇರು ನೂರಕ್ಕೆ ಎಂಬತ್ತರಿಂದ ಐವತ್ತಕ್ಕೆ ಇಳಿಯಿತು. ಬೆಲೆ ಮಾತ್ರ ಅಲ್ಲಾಡಲಿಲ್ಲ, 11ರಿಂದ 14ರ ಒಳಗೇ ಸುಮ್ನೆ ಬಿದ್ದಿತ್ತು.

ಏಳು ಕಂತಿನಲ್ಲಿ ಆರು ಸಾವಿರ ಷೇರು ತಗೊಂಡೆ. ಒಟ್ಟು 75 ಸಾವಿರ ಇರಬೇಕು. ಹೆಂಡತಿಯ ಸಂಘದಿಂದ ಸಾಲ ಕೇಳಿದೆ, ಕೊಡಲಿಲ್ಲ. ಒಳ್ಳೆಯದೇ ಆಯಿತು. ಒಡೆದ ಪ್ಯಾನೆಲ್‌ಗಳ ಬೋರ್ಡ್ ಬಿಡಿಸಿ ಮಾರಿದ ದುಡ್ಡು, ಗೋಡೆಗೆ ಟಿವಿ ಹೊಡೆದ ದುಡ್ಡು, ಇಷ್ಟೇ ಹಾಕಿದೆ.

ಅದೇ ಹೊತ್ತಿಗೆ ಬೆಂಗಳೂರಿನ ಅಳಿಯ ಅಮೆರಿಕದ ಮೈಕ್ರೋವಿಷನ್ ಕತೆ ಹೇಳಿ ತಲೆ ತಿಂದ. ಲೇಸರ್ ಡಿಸ್‌ಪ್ಲೇಯ ಕಂಪನಿ. 2020ರ ಮಾರ್ಚ್‌ನಲ್ಲಿ ಡಾಲರಿನ ಐದನೇ ಒಂದು ಪಾಲೂ ಇರದಿದ್ದ ಷೇರು 2021ರ ಏಪ್ರಿಲ್‌ನಲ್ಲಿ 20 ಡಾಲರ್ ದಾಟಿತ್ತು. ಯಾರೋ ದೊಡ್ಡವರು ಕೊಳ್ಳುತ್ತಾರೆ ಅನ್ನುವುದೇ ಎಲ್ಲರ ಆಸೆ. ಕೊಂಡರೂ ಎಷ್ಟು ಕೊಡುತ್ತಾರೆ? ಇಮ್ಯಾಜಿನ್ ಅಂತ ಪುಟ್ಟ ಒಎಲ್‌ಇಡಿ ಪರದೆ ಮಾಡುವ ಕಂಪನಿಯನ್ನು 2023ರಲ್ಲಿ ಸ್ಯಾಮ್‌ಸಂಗ್ ಡಿಸ್‌ಪ್ಲೇ ಕೊಂಡಿತು. ಷೇರಿಗೆ ಸಿಕ್ಕಿದ್ದು 2.08 ಡಾಲರ್. ಜಪಾನ್ ಡಿಸ್‌ಪ್ಲೇ ನೋಡಿ. ಸೋನಿ, ತೋಷಿಬಾ, ಹಿಟಾಚಿ ಮೂರರ ಡಿಸ್‌ಪ್ಲೇ ವ್ಯವಹಾರ ಸೇರಿಸಿ 2012ರಲ್ಲಿ ಮಾಡಿದ್ದು, ಹಿಂದೆ ಸರ್ಕಾರದ ದುಡ್ಡು. 2014ರಲ್ಲಿ 900 ಯೆನ್‌ಗೆ ಷೇರು ಕೊಟ್ಟರು. ಮೊದಲ ದಿನವೇ ಅದಕ್ಕಿಂತ ಕೆಳಗೆ. ಫೋನಿನವರು ಎಲ್‌ಸಿಡಿ ಬಿಟ್ಟು ಒಎಲ್‌ಇಡಿಗೆ ಹೋದ ಮೇಲೆ ನೂರು ಯೆನ್‌ನ ಒಳಗೆ. ಆಮೇಲೆ ಒಂದು ಸಲ ಅಳಿಯನಿಗೆ ಇದನ್ನೆಲ್ಲ ಹೇಳಿದೆ. "ಮಾವ, ನೀವು ಬರೀ ಸತ್ತವರ ಲೆಕ್ಕ ಇಡ್ತೀರಿ" ಅಂದ.

ಮಾರುವುದು ಕೊಳ್ಳುವುದಕ್ಕಿಂತ ಕಷ್ಟ. 2023ರ ಮಳೆಗಾಲದಲ್ಲಿ ಷೇರು ಏಳತೊಡಗಿತು. ದಿನಾ ನೂರಕ್ಕೆ ಐದರ ಅಪ್ಪರ್ ಸರ್ಕ್ಯೂಟ್. ಎಕ್ಸ್‌ಚೇಂಜಿನವರು ಕಣ್ಗಾವಲಿನ ಪಟ್ಟಿಗೂ ಹಾಕಿದರು. ಆಗಸ್ಟ್‌ನಲ್ಲಿ 34ಕ್ಕೆ ಎರಡು ಸಾವಿರ ಮಾರಿದೆ. ದೀಪಾವಳಿ ಹೊತ್ತಿಗೆ 52ಕ್ಕೆ ಮೂರು ಸಾವಿರ. ಡಿಸೆಂಬರ್‌ನಲ್ಲಿ ರಿಮೋಟ್ ರಿಪೇರಿಗೆ ಬಂದ ಕಾಲೇಜು ಹುಡುಗ "ಈ ಷೇರು ಗೊತ್ತಾ ಅಣ್ಣ? 300 ಹೋಗ್ತದಂತೆ" ಅಂದ. ಅವನು ಬಾಗಿಲು ದಾಟುವ ಮೊದಲೇ 71ಕ್ಕೆ ಸಾವಿರದ ಐನೂರು ಹಾಕಿದೆ.

ಇದಕ್ಕೆ ಕಾರಣ ಅಪ್ಪಯ್ಯ. 2003ರ ಸುಮಾರಿಗೆ ಹಸಿ ವೆನಿಲ್ಲಾ ಕಿಲೋಗೆ ಮೂರು ಸಾವಿರ ದಾಟಿತ್ತು. ರಾತ್ರಿ ಟಾರ್ಚ್ ಹಿಡಿದು ಬಳ್ಳಿ ಕಾಯುತ್ತಿದ್ದೆವು. ಅಪ್ಪಯ್ಯ ಇನ್ನೂ ಏರುತ್ತದೆ ಅಂತ ಬಳ್ಳಿ ಹೆಚ್ಚಿಸಿದರು. ಎರಡು ಮೂರು ವರ್ಷಕ್ಕೆ ಕೇಳುವವರೇ ಇಲ್ಲ.

ನಾನು ಮಾರಿದ ಮೇಲೂ ಷೇರು 88ಕ್ಕೆ ಹೋಯಿತು. ಆ ದಿನ ನಾನು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಮಲಗಿದ್ದೆ. ಎದ್ದಿದ್ದರೂ ಮಾರುತ್ತಿರಲಿಲ್ಲ ಬಿಡಿ. ಆಮೇಲೆ 40ರ ಆಸುಪಾಸಿಗೆ ಇಳಿಯಿತು.

ಲೆಕ್ಕ ಹೇಳುತ್ತೇನೆ. ಹಾಕಿದ್ದು 1 ಲಕ್ಷದ 65 ಸಾವಿರ, ಬಂದದ್ದು 3 ಲಕ್ಷದ 30 ಸಾವಿರ. ಟ್ಯೂಬಿನಲ್ಲಿ ಹೋದದ್ದನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸಿ ಅಂತ ಭಾವ ಹಟ ಮಾಡುತ್ತಾನೆ. ತೆರಿಗೆಯಲ್ಲಿ ಒಂದು ತಮಾಷೆ ಆಯಿತು. ಮೊದಲು ಕೊಂಡ ಷೇರೇ ಮೊದಲು ಮಾರಿದ ಲೆಕ್ಕ. ಹಾಗಾಗಿ 34ಕ್ಕೆ ಮಾರಿದ್ದು 45ರ ಹಳೇ ಷೇರು. ಕಾಗದದ ಮೇಲೆ 22 ಸಾವಿರ ನಷ್ಟ! ಅದನ್ನು ಆಮೇಲಿನ ಲಾಭದಲ್ಲಿ ಕಳೆದೆವು. ಆಗ ಮೊದಲ ಒಂದು ಲಕ್ಷದ ಲಾಭಕ್ಕೆ ತೆರಿಗೆ ಇರಲಿಲ್ಲ, ಉಳಿದದ್ದಕ್ಕೆ ನೂರಕ್ಕೆ ಹತ್ತು. ಕಟ್ಟಿದ್ದು ಎಂಟು ಸಾವಿರದ ಏಳುನೂರು ಚಿಲ್ಲರೆ. 2024ರ ಜುಲೈಯಿಂದ ಅದು ಹನ್ನೆರಡೂವರೆ ಆಗಿದೆ, ವಿನಾಯಿತಿ ಒಂದೂಕಾಲು ಲಕ್ಷಕ್ಕೆ ಏರಿದೆ.

ಕೈಯಲ್ಲಿ ಇನ್ನೂ ಸಾವಿರದ ಐನೂರು ಷೇರು ಇದೆ. ಕಳೆದ ಬ್ಯಾಲೆನ್ಸ್ ಶೀಟ್‌ನಲ್ಲಿ ಬಾಕಿ ಮತ್ತೆ ನೂರರ ಮೇಲೆ ಹೋಗಿದೆ. ಸೆಪ್ಟೆಂಬರ್‌ನದ್ದೂ ಹಾಗೇ ಬಂದರೆ ಅದೇ ವಾರ ಎಲ್ಲ ಮಾರುತ್ತೇನೆ. ಮಜಾ ಅಂದರೆ, ಭಾವ ಈಗ ಇದೇ ಷೇರು ಕೊಳ್ಳಬೇಕು ಅನ್ನುತ್ತಿದ್ದಾನೆ. ಎರಡು ವರ್ಷದ ವರದಿ ಪ್ರಿಂಟ್ ತೆಗೆಸಿ, ಬಾಕಿಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕೊಟ್ಟಿದ್ದೇನೆ. ಅವನ ಜಗುಲಿಯ ಮೇಜಿನ ಮೇಲೆ ಕವಳದ ಬಟ್ಟಲಿನ ಅಡಿಯಲ್ಲಿ ಬಿದ್ದಿದೆ.