ನನಗಿಷ್ಟವಾದ ಆ ಹತ್ತು ವರ್ಷ, ಕೂತು ಮತ್ತೆ ನೆನಪು ಮಾಡ್ಕೊಂಡಿದ್ದು ಹೀಗೆ

ಜೀವನದಲ್ಲಿ ಬೆಸ್ಟ್ ಹತ್ತು ವರ್ಷ ಯಾವ್ದು ಅಂತ ಕೇಳಿದ್ರೆ ತುಂಬಾ ಜನ ಹಿಂದೆ ಮುಂದೆ ನೋಡ್ದೆ ಕಾಲೇಜು ದಿನಗಳು ಅಂದ್ಬಿಡ್ತಾರೆ. ನಂದು ಅದಲ್ಲ. ನಂದು 1996ರಿಂದ 2007, ಅಂದ್ರೆ ಇಪ್ಪತ್ತೆಂಟರಿಂದ ಮೂವತ್ತೊಂಬತ್ತರ ತನಕ. ಲೆಕ್ಕ ಹಾಕಿದ್ರೆ ಹನ್ನೊಂದಾಗುತ್ತೆ ಗೊತ್ತು, ಆದ್ರೂ ನನ್ನ ಬಾಯಲ್ಲಿ ಅದು ಹತ್ತೇ. ತೊಂಬತ್ತರ ದಶಕ, ಎರಡು ಸಾವಿರದ ದಶಕ ಅನ್ನೋದೆಲ್ಲ ಕ್ಯಾಲೆಂಡರ್‌ನವ್ರ ಲೆಕ್ಕ, ನಮ್ಮ ಬದುಕು ಸೊನ್ನೆಯಲ್ಲಿ ಮುಗಿಯೋ ಇಸವಿಗೆ ಕಾದು ಶುರುವಾಗಲ್ಲ. ನಾನು ಎರಡು ಬ್ಯಾಗ್ ಹಿಡ್ಕೊಂಡು ಗುರುತು ಪರಿಚಯ ಇಲ್ಲದ ಊರಿಗೆ ಬಂದ ದಿನ ಅದು ಶುರು, ನಮ್ಮ ಗ್ಯಾಂಗಲ್ಲಿ ಕೊನೆಯವನು ಊರು ಬಿಟ್ಟಾಗ ಮುಗೀತು. ನೀವೂ ಹೀಗೆ ನಿಮ್ಮ ವರ್ಷಗಳನ್ನ ನೆನಪು ಮಾಡ್ಕೊಳ್ಳೋದಾದ್ರೆ ಮೊದಲು ಈ ಎರಡು ಗೂಟ ಹೊಡ್ಕೊಳ್ಳಿ, ಇಲ್ದಿದ್ರೆ ಎಲ್ಲಿಂದ ಎಲ್ಲಿಗೋ ಹೋಗ್ತೀರ.

ಕಾಲೇಜು ದಿನ ಅಂತ ಎಲ್ರೂ ಹೇಳೋದಕ್ಕೆ ಕಾರಣ ಇದೆ. ವಯಸ್ಸಾದವ್ರನ್ನ ಕೂರಿಸ್ಕೊಂಡು ನೆನಪು ಕೇಳಿದಾಗ ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ಮಧ್ಯದ ನೆನಪುಗಳೇ ಗುಡ್ಡೆ ಬೀಳುತ್ತೆ ಅಂತ ಮನಶ್ಶಾಸ್ತ್ರದವ್ರು ಮತ್ತೆ ಮತ್ತೆ ನೋಡಿದ್ದಾರೆ, ಮೊದಲ ಕೆಲಸ ಮೊದಲ ಪ್ರೀತಿ ಮೊದಲ ಸಂಬಳ ಎಲ್ಲ ಅಲ್ಲೇ ಇರೋದ್ರಿಂದ. ಆದ್ರೆ ದೇಶ ಬಿಟ್ಟು ಹೋಗಿ ನೆಲೆಸಿದವ್ರಲ್ಲಿ ಆ ಗುಡ್ಡೆ ಅವ್ರು ಹೋದ ವಯಸ್ಸಿನ ಕಡೆಗೆ ಸರಿಯುತ್ತೆ ಅಂತಾನೂ ಇದೆ, ಅದನ್ನ ಓದಿದ ಮೇಲೆ ನನಗೆ ನನ್ನ ಆಯ್ಕೆ ವಿಚಿತ್ರ ಅನ್ನಿಸ್ಲಿಲ್ಲ. ನಾನು ದೇಶ ಬಿಟ್ಟಿಲ್ಲ, ಊರು ಬಿಟ್ಟೆ, ಅಷ್ಟೇ ಸಾಕಾಯ್ತೋ ಏನೋ.

ಸರಿ, ಕೂತು ಬರೆಯೋಣ ಅಂತ ನೋಟ್‌ಬುಕ್ ತಗೊಂಡು 1996, 1997, 1998 ಅಂತ ಇಸವಿ ಹಾಕ್ಕೊಂಡು ಹೋಗೋದು ಎಲ್ರಿಗೂ ಮೊದಲು ಹೊಳೆಯೋ ದಾರಿ. ಅದಕ್ಕೆ ನಾನು ಕೈ ಹಾಕ್ಲಿಲ್ಲ, ಕಾರಣ ವಿಲ್ಲೆಮ್ ವಾಗೆನಾರ್ ಅನ್ನೋ ಡಚ್ ಮನಶ್ಶಾಸ್ತ್ರಜ್ಞ. ಈ ಮಹಾನುಭಾವ ಆರು ವರ್ಷ ತನ್ನ ದಿನದ ಘಟನೆಗಳನ್ನ ಯಾರು, ಏನು, ಎಲ್ಲಿ, ಯಾವಾಗ ಅಂತ ನಾಲ್ಕು ಭಾಗ ಮಾಡಿ ಬರೆದಿಟ್ಟ, ಹೆಚ್ಚು ಕಡಿಮೆ 2400 ಘಟನೆ, ಆಮೇಲೆ ಒಂದೊಂದೇ ಸುಳಿವು ನೋಡ್ಕೊಂಡು ಉಳಿದದ್ದು ನೆನಪಿಗೆ ಬರುತ್ತಾ ಅಂತ ತನ್ನನ್ನೇ ಪರೀಕ್ಷೆ ಮಾಡ್ಕೊಂಡ. 1986ರಲ್ಲಿ ಅದನ್ನ ಪ್ರಕಟ ಮಾಡಿದ. ಏನು, ಯಾರು, ಎಲ್ಲಿ ಅನ್ನೋದು ಕೆಲಸ ಮಾಡ್ತು, ಬರೀ ತಾರೀಖು ಹೇಳಿದ್ರೆ ಏನೂ ಬರ್ಲಿಲ್ಲ ಅನ್ನೋಷ್ಟು ಕಮ್ಮಿ. ನೀವೇ ನೋಡಿ, 1999ರ ಆಗಸ್ಟಲ್ಲಿ ಏನ್ ಮಾಡ್ತಿದ್ರಿ ಅಂದ್ರೆ ತಲೆ ಖಾಲಿ, ಆ ಮೂರನೇ ಮಹಡಿ ರೂಮಲ್ಲಿ ಇದ್ದಾಗ ಪಕ್ಕದ ರೂಮಲ್ಲಿ ಯಾರಿದ್ರು ಅಂದ್ರೆ ಅವ್ರ ಕೆಮ್ಮು ಕೂಡ ಕೇಳ್ಸುತ್ತೆ.

ಅದಕ್ಕೆ ನಾನು ಬಿಡಿ ಹಾಳೆ ತಗೊಂಡೆ. ಒಬ್ಬೊಬ್ರಿಗೆ ಒಂದು ಹಾಳೆ, ವಾಸ ಇದ್ದ ಒಂದೊಂದು ಜಾಗಕ್ಕೆ ಒಂದು ಹಾಳೆ, ಮೇಲ್ಗಡೆ ಹೆಸ್ರು ಮಾತ್ರ. ಇಸವಿ ಬರೆಯೋ ಹಾಗಿಲ್ಲ ಅಂತ ನಾನೇ ರೂಲ್ ಮಾಡ್ಕೊಂಡೆ. ಜಾಗದ ಹಾಳೆಯಲ್ಲಿ ಮನೆ ಪ್ಲಾನ್ ಬಿಡಿಸ್ದೆ, ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಫೋನ್ ಎಲ್ಲಿ ಇಟ್ಟಿದ್ವಿ, ಚಿತ್ರ ಕೆಟ್ಟದಾಗಿದ್ರೂ ನಡೆಯುತ್ತೆ, ಪೆನ್ಸಿಲ್ ಆ ಕಿಟಕಿ ಹತ್ರ ಹೋದ ತಕ್ಷಣ ಅಲ್ಲಿ ಕೂತು ಮಾತಾಡ್ತಿದ್ದವ್ರು ಬಂದ್ಬಿಡ್ತಾರೆ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ನೆನಪು ಬರೋದು ನಿಂತು ಹೋದಾಗ ಪದಗಳ ಆಟ ಆಡ್ತಿದ್ದೆ. ಇದು ಹಳೇದು, ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1879ರಲ್ಲೇ 75 ಪದ ಚೀಟಿಯಲ್ಲಿ ಬರೆದಿಟ್ಕೊಂಡು ಒಂದೊಂದೇ ನೋಡ್ತಾ ತಲೆಗೆ ಏನು ಬರುತ್ತೆ ಅಂತ ಬರೀತಿದ್ದ. ನಾನು ಮಾಮೂಲಿ ಪದಗಳನ್ನೇ ತಗೊಂಡೆ, ಛತ್ರಿ, ಮೆಟ್ಟಿಲು, ಜ್ವರ, ಬೀಗ. ಪ್ರೀತಿ ಸ್ನೇಹ ಅಂತ ದೊಡ್ಡ ಪದ ಹಾಕಿದ್ರೆ ಭಾಷಣ ಬರುತ್ತೆ, ನೆನಪು ಬರಲ್ಲ. ಬೀಗ ಅಂದಾಗ ಬಂದಿದ್ದು ಹೇಳ್ತೀನಿ, ನಮ್ಮ ರೂಮಿಗೆ ಮೂರು ಜನ, ಕೀ ಎರಡೇ, ಹಾಗಾಗಿ ಕೊನೆಗೆ ಹೋಗೋರು ಕೀನ ಮೀಟರ್ ಬೋರ್ಡ್ ಮೇಲೆ ಇಡ್ಬೇಕಿತ್ತು, ಕುಳ್ಳಿ ಆಗಿದ್ದ ನಾನು ಕುಣಿದು ಕುಣಿದು ತಡಕಾಡಿ ಧೂಳೆಲ್ಲ ತಲೆ ಮೇಲೆ ಸುರ್ಕೋತಿದ್ದೆ, ಒಂದಿನ ನೋಡಿದ್ರೆ ಕೀ ಕೆಳಗಡೆ ಮೊಳೆಗೆ ನೇತು ಹಾಕಿದೆ. ಯಾರೂ ಏನೂ ಹೇಳಿರ್ಲಿಲ್ಲ, ರೂಮ್‌ಮೇಟ್ ಒಬ್ಳು ಮೊಳೆ ಹೊಡೆದು ಸುಮ್ನಾಗಿದ್ಲು. ಇಪ್ಪತ್ತು ವರ್ಷಕ್ಕೂ ಮೇಲೆ ಈ ಮೊಳೆ ನನ್ನ ತಲೆಗೆ ಬಂದೇ ಇರ್ಲಿಲ್ಲ ನೋಡಿ.

ಫೋಟೋಗೆ ಬರೋಣ, ಇದ್ರಲ್ಲಿ ಕೆಲಸ ಜಾಸ್ತಿ. ನಂದು ಅರ್ಧ ಕಾಲ ಫಿಲ್ಮ್ ರೋಲ್, ಅರ್ಧ ಕಾಲ ಡಿಜಿಟಲ್. ರೋಲಲ್ಲಿ 36 ಫೋಟೋ ಮಾತ್ರ ಇದ್ದಿದ್ರಿಂದ ಹುಟ್ಟಿದಬ್ಬ, ಮದುವೆ, ಟ್ರಿಪ್ ಬಿಟ್ರೆ ಬೇರೆ ದಿನಗಳು ಇಲ್ಲವೇ ಇಲ್ಲ, ಆಲ್ಬಮ್ ನೋಡಿದ್ರೆ ನಾವು ಹತ್ತು ವರ್ಷ ಬರೀ ಟ್ರಿಪ್ ಹೋಗ್ಕೊಂಡಿದ್ವಿ ಅನ್ಸುತ್ತೆ. ಅದಕ್ಕೇ ನಾನು ಹಾಳೆಗಳನ್ನ ಮೊದಲು ಮುಗಿಸಿ ಆಮೇಲೆ ಆಲ್ಬಮ್ ತೆಗೆದೆ, ಉಲ್ಟಾ ಮಾಡಿದ್ರೆ ಫೋಟೋನೇ ನೆನಪಿನ ಜಾಗದಲ್ಲಿ ಕೂತ್ಕೊಳ್ಳುತ್ತೆ. ಹಳೇ ಅಂಟು ಹಾಳೆ ಆಲ್ಬಮ್‌ನಲ್ಲಿ ಫೋಟೋ ಕಚ್ಕೊಂಡಿದ್ರೆ ಉಗುರು ಹಾಕಿ ಎಳೀಬೇಡಿ, ಹಲ್ಲು ಕ್ಲೀನ್ ಮಾಡೋ ಫ್ಲಾಸ್ ದಾರ ಬರುತ್ತಲ್ಲ ಅದನ್ನ ಫೋಟೋ ಕೆಳಗೆ ತೂರಿಸಿ ಗರಗಸ ಆಡಿಸಿದ ಹಾಗೆ ಮೆಲ್ಲಗೆ ಆಡಿಸಿ, ಬಿಟ್ಕೊಳ್ಳುತ್ತೆ. ಬರದೇ ಹೋದ್ರೆ ಬಿಟ್ಬಿಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಪ್ರಿಂಟ್‌ಗೆ 600 ಡಿಪಿಐ, ಅಂದ್ರೆ ಇಂಚಿಗೆ 600 ಚುಕ್ಕೆ, ಧಾರಾಳ ಸಾಕು. ಡಿಜಿಟಲ್ ಫೋಟೋ ತಾರೀಖನ್ನ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ, ಬ್ಯಾಟರಿ ಪೂರ್ತಿ ಸತ್ತು ಮತ್ತೆ ಹಾಕಿದಾಗ ಕ್ಯಾಮೆರಾ ಗಡಿಯಾರ ತನ್ನ ಹುಟ್ಟು ತಾರೀಖಿಗೆ ಹೋಗಿರುತ್ತೆ, ನಮ್ಮ ಎಷ್ಟೋ ಸಂಜೆಗಳು ಜನವರಿ ಒಂದರಂದೇ ನಡೆದಿವೆ.

ಫೋಟೋಗಳನ್ನ ಜನರ ಹಾಳೆ ಪಕ್ಕ ಇಟ್ಟು ನೋಡಿದಾಗ ಒಂದು ಹಾಳೆ ತುಂಬಿ ತುಳುಕ್ತಾ ಇದೆ, ಆದ್ರೆ ಆ ಮನುಷ್ಯನ ಫೋಟೋ ಮಾತ್ರ ಹೆಚ್ಚು ಕಮ್ಮಿ ಇಲ್ಲ. ಯಾಕೆ ಅಂದ್ರೆ ಕ್ಯಾಮೆರಾ ಅವನದ್ದು. ಒಂದು ಟೆರೇಸ್ ಫೋಟೋದಲ್ಲಿ ನಾವು ನಾಲ್ಕು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು ನಿಂತಿದೀವಿ, ನಮ್ಮ ಕಾಲ ಹತ್ರ ಒಂದು ನೆರಳು, ಮೊಣಕೈ ಎರಡೂ ಎತ್ತಿರೋ ನೆರಳು. ಅಷ್ಟೇ ಅವನು. ಆಲ್ಬಮ್ ಒಂದನ್ನೇ ನಂಬಿದ್ರೆ ಅವನು ಗ್ಯಾಂಗಲ್ಲಿ ಇರ್ಲೇ ಇಲ್ಲ ಅನ್ಬೇಕಾಗುತ್ತೆ. ಈಗ ಫೋಟೋ ಹಿಂದೆ ಮೆತ್ತನೆ ಪೆನ್ಸಿಲಲ್ಲಿ, ಬಾಲ್‌ಪೆನ್ ಆದ್ರೆ ಒತ್ತಿ ಮುಂದಿನ ಕಡೆ ಗುರುತು ಬೀಳುತ್ತೆ, ಇರೋವ್ರ ಹೆಸ್ರಿನ ಜೊತೆ ತೆಗೆದವ್ರ ಹೆಸ್ರನ್ನೂ ಬರೀತಾ ಇದೀನಿ.

ಇನ್ನು ಕಹಿ. ಕಹಿ ಘಟನೆ ನೆನಪಿದ್ರೂ ಅದರ ಉರಿ ಬೇಗ ಆರುತ್ತೆ, ಖುಷಿ ಘಟನೆಯ ಬಿಸಿ ನಿಧಾನಕ್ಕೆ ಆರುತ್ತೆ, ಇದೂ ಅಧ್ಯಯನ ಮಾಡಿ ನೋಡಿರೋ ವಿಷಯನೇ. ಹಾಗಾಗಿ ಎಲ್ಲ ಹಳೇ ಕಾಲನೂ ಸ್ವಲ್ಪ ಸಿಹಿ ಆಗೇ ಕಾಣೋದು ಸಹಜ, ಅದಕ್ಕೆ ಎದುರು ಸಾಕ್ಷಿ ಬೇಕು. ನನಗೆ ಸಿಕ್ಕಿದ್ದು ಹಳೇ ಬ್ಯಾಂಕ್ ಪಾಸ್‌ಬುಕ್. ಪಾಸ್‌ಬುಕ್‌ಗೆ ಮುಲಾಜಿಲ್ಲ. ತಿಂಗಳ ಕೊನೇಲಿ ಬ್ಯಾಲೆನ್ಸ್ ತಳ ಮುಟ್ಟಿರೋದು, ಕೆಲಸ ಇಲ್ಲದ ಆ ಚಳಿಗಾಲದಲ್ಲಿ ಸಂಬಳದ ಎಂಟ್ರಿನೇ ಇಲ್ಲದೆ ಚಿಲ್ಲರೆ ಚಿಲ್ಲರೆ ಡ್ರಾ ಮಾಡಿರೋದು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದೇ ಸಲ ಹೋಗಿರೋ ದೊಡ್ಡ ಮೊತ್ತ, ಎಲ್ಲ ಸಾಲಾಗಿ ಇದೆ. "ದುಡ್ಡಿಲ್ದಿದ್ರೂ ಮಜವಾಗಿದ್ವಿ" ಅನ್ನೋ ಡೈಲಾಗ್ ನಾನೂ ಹೊಡೀತಿದ್ದೆ, ಆ ಪುಟ ನೋಡಿದ್ಮೇಲೆ ಹೊಡೆಯಲ್ಲ, ಆಗ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಆದ್ರೆ ಆ ದೊಡ್ಡ ಮೊತ್ತದ ಹಿಂದಿನ ವಾರ ನನ್ನ ಅಕೌಂಟಿಗೆ ಮೂರು ಸಣ್ಣ ಮೊತ್ತ ಬಂದು ಬಿದ್ದಿದೆ, ಮೂರೂ ಗ್ಯಾಂಗಿನವ್ರದ್ದು. ಅದೂ ಅದೇ ಪುಟದಲ್ಲೇ ಇದೆ.

ಬೇರೆಯವ್ರನ್ನ ಕೇಳೋದು ಕೊನೇ ಕೆಲಸ. ಒಬ್ಬೊಬ್ರನ್ನೇ ಬೇರೆ ಬೇರೆ ಕೇಳಿ, ನಿಮ್ಮ ಕಥೆ ಮೊದಲು ಹೇಳ್ಬೇಡಿ. ಎಲ್ರನ್ನೂ ಒಟ್ಟಿಗೆ ವಿಡಿಯೋ ಕಾಲ್‌ಗೆ ಕೂರಿಸಿದ್ರೆ ಯಾರ ದನಿ ಜೋರೋ ಅವ್ರ ನೆನಪೇ ಎಲ್ರ ನೆನಪಾಗುತ್ತೆ. ಮತ್ತೆ ಯಾರಾದ್ರೂ "ನನಗೆ ಚೆನ್ನಾಗಿ ನೆನಪಿದೆ" ಅಂದ್ರೆ ಅದೇ ಸತ್ಯ ಅಂತ ಅಂದ್ಕೋಬೇಡಿ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮಾರನೇ ದಿನ ಅಲ್ರಿಕ್ ನೀಸರ್ ಅನ್ನೋ ಮನಶ್ಶಾಸ್ತ್ರಜ್ಞ ತನ್ನ ಕಾಲೇಜು ಹುಡುಗರ ಹತ್ರ ಸುದ್ದಿ ಹೇಗೆ ಗೊತ್ತಾಯ್ತು ಅಂತ ಬರೆಸಿಟ್ಕೊಂಡ್ರು, ಎರಡೂವರೆ ವರ್ಷ ಆದ್ಮೇಲೆ ನಿಕೋಲ್ ಹಾರ್ಶ್ ಅನ್ನೋ ಸಂಶೋಧಕಿ ಜೊತೆ ಸೇರಿ ಮತ್ತೆ ಕೇಳಿದಾಗ ಕಾಲು ಭಾಗದಷ್ಟು ಜನ ಪೂರ್ತಿ ತಪ್ಪು ಹೇಳಿದ್ರು, ಅದೂ ಎಷ್ಟೋ ಜನ ಭಾರೀ ಧೈರ್ಯವಾಗಿ. ನಾವಂತೂ ಇಪ್ಪತ್ತು ಮೂವತ್ತು ವರ್ಷದ ಹಿಂದಿನದು ಮಾತಾಡ್ತಿರೋರು. ನಮ್ಮಕ್ಕ ಹೇಳ್ತಾಳೆ ಆ ಊರಿಗೆ ನನ್ನ ಬಿಡೋಕೆ ಬಸ್ ಸ್ಟ್ಯಾಂಡಿಗೆ ಬಂದಿದ್ದು ಅವಳು ಅಂತ, ನನ್ನ ಕಣ್ಣಿಗೆ ಕಟ್ಟಿದ ಹಾಗಿರೋದು ಅಪ್ಪ. ಜಗಳ ಆಡ್ಲಿಲ್ಲ, ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದು ಯಾರು ಹೇಳಿದ್ದು ಅಂತ ಹಾಕಿದೀನಿ.

ಇಸವಿಗಳನ್ನ ಕೂರಿಸಿದ್ದು ಇದೆಲ್ಲ ಆದ್ಮೇಲೆ, ಕೆಲಸ ಸೇರಿದ ಲೆಟರ್, ಬಾಡಿಗೆ ಕರಾರು, ಪಾಸ್‌ಬುಕ್ ನೋಡ್ಕೊಂಡು. ಅದು ಗುಮಾಸ್ತಿಕೆ ಕೆಲಸ, ಬೇಗ ಆಗುತ್ತೆ.

ಯಾಕೆ ಆ ವರ್ಷಗಳೇ ಇಷ್ಟ ಅನ್ನೋದಕ್ಕೆ ನನಗೆ ಸಿಕ್ಕಿದ ಉತ್ತರ ತೀರಾ ಸಾದಾ. ಜನರ ಹಾಳೆಗಳನ್ನೆಲ್ಲ ಹರಡಿದಾಗ ಒಬ್ರ ಹಾಳೆಯಲ್ಲಿ ಉಳಿದವ್ರ ಹೆಸ್ರು, ಮತ್ತೊಬ್ರ ಹಾಳೆಯಲ್ಲಿ ಮತ್ತೆ ಅವೇ ಹೆಸ್ರು, ಆರೇಳು ಜನ ಸುತ್ತಿ ಸುತ್ತಿ ಬರ್ತಾರೆ, ಫೋನ್ ಮಾಡಿ ಟೈಮ್ ಕೇಳ್ದೆ ಬಾಗಿಲು ತಟ್ಟಿ ಒಳಗೆ ಬರ್ತಿದ್ದ ಜನ. 2007ರ ಆಚೆ ನನ್ನ ಹತ್ರ ದುಡ್ಡು, ಮನೆ, ನೆಮ್ಮದಿ ಎಲ್ಲ ಜಾಸ್ತಿನೇ ಆಯ್ತು, ಹಾಗೆ ಬಾಗಿಲು ತಟ್ಟೋವ್ರು ಮಾತ್ರ ಇಲ್ಲ. ಈ ಹಾಳೆಗಳಿಗೋಸ್ಕರ ಫೋನ್ ಮಾಡಿದ್ದರಿಂದ ಮೊಳೆ ಹೊಡೆದವಳ ಜೊತೆ ಮತ್ತೆ ಮಾತುಕತೆ ಶುರುವಾಗಿದೆ, ಮೊಳೆ ವಿಷ್ಯ ಹೇಳಿದ್ರೆ ಅವಳಿಗೆ ಒಂಚೂರೂ ನೆನಪಿಲ್ಲ, "ನಾನಾ? ನನಗೆ ಸುತ್ತಿಗೆ ಹಿಡಿಯೋಕೂ ಬರಲ್ಲ ಕಣೇ" ಅಂತಾಳೆ. ಹಾಗಾದ್ರೆ ಇನ್ನೊಬ್ಳು ಹೊಡೆದಿರ್ಬೇಕು, ಅವಳ ನಂಬರ್ ಹುಡುಕ್ತಾ ಇದೀನಿ.