ಕರೆಂಟ್ ಹೋದರೂ ಸ್ವಿಚ್ ಆಫ್ ಮಾಡಿ: ಮಲೆನಾಡಿನ ತೋಟದಲ್ಲಿ ಮೆಷಿನ್ ಹಿಡಿದ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಡಿಕೆ ತೋಟ, ಸ್ವಲ್ಪ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಈ ಭಾಗದಲ್ಲಿ ಈಗ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಹಾಗಾಗಿ ಸಣ್ಣ ತೋಟದವರ ಮನೆಯಲ್ಲೂ ಒಂದು ಡ್ರಿಲ್, ಕಬ್ಬಿಣ ಕತ್ತರಿಸಿ ಉಜ್ಜುವ ಒಂದು ಗ್ರೈಂಡರ್, ಹುಲ್ಲು ಹೊಡೆಯುವ ಒಂದು ವೀಡ್ ಕಟರ್ ಇದ್ದೇ ಇರುತ್ತದೆ. ಸ್ವಲ್ಪ ಅನುಕೂಲ ಇದ್ದವರ ಹತ್ತಿರ ಮರ ಕೊಯ್ಯುವ ಚೈನ್ ಸಾ. ನಾನೂ ಹೀಗೇ ಒಂದೊಂದಾಗಿ ಕೊಂಡವನು. ಯಾರೂ ಕೂರಿಸಿ ಕಲಿಸಲಿಲ್ಲ. ಅಂಗಡಿಯವರು ಸ್ವಿಚ್ ತೋರಿಸುತ್ತಾರೆ, ಬಿಲ್ ಕೊಡುತ್ತಾರೆ, ಅಷ್ಟೇ. ಉಳಿದದ್ದನ್ನು ಡಬ್ಬಿಯೊಳಗಿನ ಪುಸ್ತಕ ಓದಿ, ಬಡಗಿಗಳ ಜೊತೆ ನಿಂತು, ಮಾಡಿ ಮಾಡಿ ಕಲಿತದ್ದು.

ಓಡುತ್ತಿರುವ ಮೆಷಿನ್ ಕಂಡರೆ ಎಲ್ಲರಿಗೂ ಭಯ ಇರುತ್ತದೆ. ಸದ್ದೇ ಹೆದರಿಸುತ್ತದೆ. ಅದು ನಿಂತ ಕೂಡಲೇ ಭಯವೂ ಹೋಗಿಬಿಡುತ್ತದೆ. ನಾನು ನೋಡಿದ ಮಟ್ಟಿಗೆ ಕೈ ಹೋಗುವುದು ಆಗಲೇ. ಬ್ಲೇಡ್ ಸಿಕ್ಕಿಕೊಂಡಾಗ, ಡಿಸ್ಕ್ ಬದಲಾಯಿಸುವಾಗ, ಪೆಟ್ರೋಲ್ ಹಾಕುವಾಗ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಸಬೇಕು: ಕರೆಂಟ್ ಹೋದಾಗ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿತ್ತು ಅಂದರೆ ಮುಗಿಯಿತು. ಬರುತ್ತದೆ, ಎರಡು ನಿಮಿಷ ಇರುತ್ತದೆ, ಹೋಗುತ್ತದೆ. ಗ್ರೈಂಡರ್‌ನ ಸ್ವಿಚ್ ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕೆಲಸದ ಮಧ್ಯೆ ಕರೆಂಟ್ ಹೋದರೆ ಸದ್ದು ಅಡಗುತ್ತದೆ, ನಾವು ಮೆಷಿನ್ ಅನ್ನು ನೆಲಕ್ಕಿಟ್ಟು ಕಾಫಿಗೆ ಹೋಗುತ್ತೇವೆ. ಸ್ವಿಚ್ ಮಾತ್ರ ಆನ್‌ನಲ್ಲೇ ಇರುತ್ತದೆ. ಕರೆಂಟ್ ಬಂದಾಗ ಹಿಡಿಯುವವರಿಲ್ಲದ ಗ್ರೈಂಡರ್ ನೆಲದ ಮೇಲೆ ಕುಣಿಯುತ್ತದೆ. ಅಷ್ಟರಲ್ಲಿ ಯಾರಾದರೂ ಡಿಸ್ಕ್ ಬಿಚ್ಚಲು ಕೂತಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಕೆಲವು ಹೊಸ ಮೆಷಿನ್‌ಗಳು ಕರೆಂಟ್ ಬಂದರೂ ತಾವಾಗಿ ಶುರುವಾಗುವುದಿಲ್ಲ, ಸ್ವಿಚ್ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಕೊಳ್ಳುವಾಗ ಅದನ್ನು ಕೇಳಿ ಕೊಳ್ಳಿ. ಅದಿಲ್ಲದ ಮೆಷಿನ್ ಆದರೆ ಸದ್ದು ನಿಂತ ಕೂಡಲೇ ಹೆಬ್ಬೆರಳು ಸ್ವಿಚ್ ಹಿಂದಕ್ಕೆ ಎಳೆಯಬೇಕು, ಆಮೇಲೆ ಪ್ಲಗ್ ಕೀಳಬೇಕು. ನಮ್ಮ ಮನೆಯಲ್ಲಿ ಪ್ಲಗ್ ಕಣ್ಣೆದುರು ಕಾಣದೆ ಯಾರೂ ಬ್ಲೇಡ್ ಮುಟ್ಟುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಮನೆಯಲ್ಲಿ ಮಕ್ಕಳಿದ್ದಾರೆ, ಯಾರು ಯಾವ ಸ್ವಿಚ್ ಒತ್ತುತ್ತಾರೋ ಗೊತ್ತಾಗುವುದಿಲ್ಲ.

ಪ್ಲಗ್ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ವೈರ್‌ನ ತುದಿ ಸುಲಿದು ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಗಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇದನ್ನು ಮಾಡುವವರನ್ನು ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ನಾನು ಹೊರಗಿನ ಕೆಲಸಕ್ಕೆ ಅಂತಲೇ ಒಂದು ಬೋರ್ಡ್ ಮಾಡಿಸಿದೆ. 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಎಳೆಯ ವೈರ್, 16 ಆ್ಯಂಪಿಯರ್ ಸಾಕೆಟ್, ಮನೆಯ ಲೈನ್‌ಗೆ 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ. ಕರೆಂಟ್ ಮೈ ಮೂಲಕ ನೆಲಕ್ಕೆ ಹರಿಯಲು ಶುರುವಾದರೆ ಇದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಲೋಡ್ ಜಾಸ್ತಿಯಾದಾಗ ಬೀಳುವ ಸಾಮಾನ್ಯ ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಎಂಸಿಬಿ ವೈರ್ ಉಳಿಸುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಉಳಿಸುತ್ತದೆ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣು ಪೂರ್ತಿ ಒಣಗುವುದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕುತ್ತೇನೆ.

ಕೆಲವು ಮೆಷಿನ್‌ಗೆ ಎರಡೇ ಪಿನ್ ಇರುತ್ತದೆ. ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಶನ್, ಅರ್ಥ್ ಬೇಡ. ಆದರೆ ಒಳಗೆ ನೀರು ಹೋದರೆ ಆ ಚೌಕ ಏನೂ ಮಾಡಲಾರದು. ಹಾಗಾಗಿ ಜಡಿಮಳೆ ಹೊತ್ತಿನಲ್ಲಿ ಅಂಗಳದ ಕೆಲಸ ಇಲ್ಲ. ಕಾಯಬೇಕು.

ಇನ್ನು ಗ್ರೈಂಡರ್. ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಜಾಸ್ತಿ ಗಾಯ ಮಾಡುವುದೂ ಇದೇ ಅಂತ ನನ್ನ ಅಂದಾಜು. ನಾಲ್ಕು ಇಂಚಿನದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಡಿಸ್ಕ್‌ನ ಅಂಚು ಗಂಟೆಗೆ 200 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಒಡೆದ ಚೂರು ಎಲ್ಲಿಗೆ ಹೋಗುತ್ತದೆ ಅಂತ ನೋಡಲು ಸಮಯ ಸಿಗುವುದಿಲ್ಲ.

ಡಿಸ್ಕ್ ಕೈಯಲ್ಲಿ ಹಿಡಿದು ಒಮ್ಮೆ ಓದಿ. ಕಾಗದದ ಲೇಬಲ್ ಮೇಲೆ ಗರಿಷ್ಠ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆದಿರುತ್ತದೆ. ಅದು ಮೆಷಿನ್‌ನ ಆರ್‌ಪಿಎಂಗಿಂತ ಜಾಸ್ತಿ ಇರಲೇಬೇಕು. ಏಳು ಇಂಚಿನ ಡಿಸ್ಕ್ ಮೇಲೆ ಸುಮಾರು 8,500 ಅಂತ ಇರುತ್ತದೆ. ಡಿಸ್ಕ್‌ಗೆ ಅಡ್ಡ ಇರುವ ತಗಡಿನ ಗಾರ್ಡ್ ಕಿತ್ತು ಅದನ್ನು ನಾಲ್ಕು ಇಂಚಿನ ಮೆಷಿನ್‌ಗೆ ಹಾಕುವ ಮಹಾನುಭಾವರಿದ್ದಾರೆ. ಮಧ್ಯದ ತಗಡಿನ ಉಂಗುರ ನೋಡಿ, ಅಲ್ಲಿ ತಿಂಗಳು ಮತ್ತು ವರ್ಷ ಕೊರೆದಿರುತ್ತಾರೆ. ಅದು ಬಳಸಬಹುದಾದ ಕೊನೆಯ ಅವಧಿ, ತಯಾರಾಗಿ ಸಾಮಾನ್ಯವಾಗಿ ಮೂರು ವರ್ಷ. ಕಲ್ಲಿನ ಡಿಸ್ಕ್‌ಗೂ ಅವಧಿಯೇ ಅಂತ ನಗಬೇಡಿ. ಡಿಸ್ಕ್‌ನ ಗಟ್ಟಿ ಕಾಳುಗಳನ್ನು ಹಿಡಿದಿಟ್ಟಿರುವುದು ಒಂದು ತರಹದ ಅಂಟು, ತೇವಕ್ಕೆ ಅದು ಸಡಿಲವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೊಟ್ಟಿಗೆಯ ಗೋಡೆಗೆ ನೇತುಹಾಕಿದ ಡಿಸ್ಕ್ ಹಪ್ಪಳದ ಹಾಗೆ ತೇವ ಹೀರುತ್ತದೆ. ಹಾಗಾಗಿ ನನ್ನ ಡಿಸ್ಕ್‌ಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಅಡುಗೆಮನೆಯ ಅಟ್ಟದ ಮೇಲೆ ಇರುತ್ತವೆ. ಮನೆಯವಳ ಬೈಗುಳ ಇದ್ದದ್ದೇ.

ಹೊಸ ಡಿಸ್ಕ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸುತ್ತೇನೆ. ಒಡೆಯುವುದಿದ್ದರೆ ಆಗ ಒಡೆಯಲಿ. ತೆಳು ಕಟಿಂಗ್ ಡಿಸ್ಕ್‌ನ ಪಕ್ಕದಿಂದ ಉಜ್ಜುವುದಿಲ್ಲ, ಉಜ್ಜಲು ದಪ್ಪದ್ದು ಬೇರೆ ಇದೆ. ಸ್ವಿಚ್ ಆಫ್ ಮಾಡಿದ ಮೇಲೂ ಡಿಸ್ಕ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಎರಡೂ ಕೈ ಮೆಷಿನ್ ಮೇಲೇ.

ಮರ ಕೊಯ್ಯುವ ಹಲ್ಲಿನ ಬ್ಲೇಡ್ ಅನ್ನು ಗ್ರೈಂಡರ್‌ಗೆ ಹಾಕುವುದಂತೂ ನಮ್ಮ ಮನೆಯಲ್ಲಿ ಪೂರ್ತಿ ನಿಷೇಧ. ಅಡಿಕೆ ದಬ್ಬೆ ಸೀಳಲು, ರೀಪು ತುಂಡು ಮಾಡಲು ಬಹಳ ಜನ ಹಾಕುತ್ತಾರೆ. ಕಂಪನಿಯ ಪುಸ್ತಕದಲ್ಲೇ ಬೇಡ ಅಂತ ಬರೆದಿರುತ್ತದೆ. ಹಲ್ಲು ಮರದಲ್ಲಿ ಕಚ್ಚಿಕೊಂಡರೆ ಮೆಷಿನ್ ಹಿಂದಕ್ಕೆ, ಹಿಡಿದವನ ಕಡೆಗೇ ಹಾರುತ್ತದೆ. ಒಮ್ಮೆ ಕೆಲಸಕ್ಕೆ ಬಂದ ಹುಡುಗ ಕೇಳಿದ, "ಅಣ್ಣಾ, ಐದು ನಿಮಿಷದ ಕೆಲಸ, ಗಾರ್ಡ್ ತೆಗೆದು ಆ ಬ್ಲೇಡ್ ಹಾಕಿಬಿಡಲಾ?" "ಐದು ನಿಮಿಷದ ಕೆಲಸ ತಾನೆ ಮಾರಾಯ, ಕೈಗರಗಸದಲ್ಲಿ ಹತ್ತು ನಿಮಿಷ ಆಗಲಿ ಬಿಡು" ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಕೈಗರಗಸ ಹಿಡಿದ.

ಕಿಡಿಯ ಮಾತು ಬೇರೆ. ಬೇಸಿಗೆಯಲ್ಲಿ ನಮ್ಮ ಅಂಗಳದ ಸುತ್ತ ಏನಿರುತ್ತದೆ? ಒಣ ಸೋಗೆ, ಅಡಿಕೆ ಸಿಪ್ಪೆ, ಹುಲ್ಲಿನ ಬಣವೆ. ಕಿಡಿ ಹಾರುವ ದಿಕ್ಕನ್ನು ಗೋಡೆ ಕಡೆಗೆ ಇಟ್ಟುಕೊಂಡು, ಒಂದು ಕೊಡ ನೀರು ಪಕ್ಕದಲ್ಲಿಟ್ಟು ಕೂರುತ್ತೇನೆ. ಸಿಪ್ಪೆಯ ರಾಶಿಯೊಳಗೆ ಬಿದ್ದ ಕಿಡಿ ಕೂಡಲೇ ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಕೆಲಸ ಮುಗಿದು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಬಂದು ನೋಡುವುದು ಅದಕ್ಕೇ.

ವೀಡ್ ಕಟರ್ ಅಂದರೆ ಕಲ್ಲು ಎಸೆಯುವ ಮೆಷಿನ್. ಪುಸ್ತಕಗಳಲ್ಲಿ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಇದೆ. ತೋಟದಲ್ಲಿ ಹುಲ್ಲಿನ ಮಧ್ಯೆ ಜಲ್ಲಿ, ಹಳೇ ತಂತಿ, ಒಡೆದ ಬಾಟಲಿ ಏನು ಬೇಕಾದರೂ ಇರಬಹುದು. ಮೊದಲು ಒಂದು ಸುತ್ತು ಕೋಲು ಹಿಡಿದು ನಡೆದು ನೋಡುತ್ತೇನೆ. ಹಾವಿದ್ದರೂ ಆಗ ಸರಿದು ಹೋಗುತ್ತದೆ. ಬ್ಲೇಡ್ ಮೇಲಿನಿಂದ ನೋಡಿದರೆ ಎಡಕ್ಕೆ ಸುತ್ತುತ್ತದೆ. ಅದರ ಮುಂಭಾಗದ ಬಲ ಮೂಲೆ ಅಡಿಕೆ ಮರದ ಬುಡಕ್ಕೋ ಕಲ್ಲಿಗೋ ತಾಗಿದರೆ ಮೆಷಿನ್ ಒಮ್ಮೆಲೇ ಪಕ್ಕಕ್ಕೆ ಎಗರುತ್ತದೆ. ಅದಕ್ಕೇ ಬಲದಿಂದ ಎಡಕ್ಕೆ ಬೀಸಿ, ಎಡ ಅಂಚಿನಿಂದ ಕತ್ತರಿಸುವುದು. ಮರದ ಬುಡದ ಹತ್ತಿರ ನೈಲಾನ್ ದಾರ. ದಾರ ಮುಗಿಯಿತು ಅಂತ ತಂತಿ ಕಟ್ಟುವವರಿದ್ದಾರೆ. ತುಂಡಾದ ತಂತಿ ಗುಂಡಿನ ಹಾಗೆ ಹಾರಿ ಹೋಗುತ್ತದೆ. ದಯವಿಟ್ಟು ಬೇಡ.

ಕಾಲಿಗೆ ಗಮ್‌ಬೂಟ್, ಮುಖಕ್ಕೆ ಜಾಲರಿ, ಅದರೊಳಗೆ ಕನ್ನಡಕ. ಜಾಲರಿ ಒಂದೇ ಸಾಲದು, ಸಣ್ಣ ಚೂರು ಅದರ ತೂತಿನಲ್ಲೇ ತೂರಿ ಬರುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಅಂಚಿನ ಹುಲ್ಲು ಹೊಡೆಯುವಾಗ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆಯನ್ನೂ ಹಚ್ಚಿಕೊಳ್ಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು ಇರುವುದೇ ಈ ಹುಲ್ಲು, ದರಗಿನ ನಡುವೆ.

ಪೆಟ್ರೋಲ್ ಹಾಕುವ ಮೊದಲು ಇಂಜಿನ್ ತಣಿಯಬೇಕು. ಸೈಲೆನ್ಸರ್ ಮುಟ್ಟಲಾಗದಷ್ಟು ಬಿಸಿ ಇರುವಾಗ ಒಂದು ಹನಿ ಚೆಲ್ಲಿದರೂ ಸಾಕು. ಪೆಟ್ರೋಲ್ ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡುವುದೂ ಇಲ್ಲ, ನಾಲ್ಕು ಹೆಜ್ಜೆ ಆಚೆ ಹೋಗುತ್ತೇನೆ. ಎಲೆ ಅಡಿಕೆ ಹಾಕಿಕೊಳ್ಳಲು ಅದೇ ಒಳ್ಳೇ ಸಮಯ. ಬೀಡಿ ಮಾತ್ರ ಬೇಡ.

ಚೈನ್ ಸಾ ಬಗ್ಗೆ ಒಂದೇ ವಿಷಯ ಬಿಡಿಸಿ ಹೇಳುತ್ತೇನೆ. ಸರಪಳಿ ಸುತ್ತುವ ಉದ್ದ ಪಟ್ಟಿಯ ತುದಿ ನೋಡಿ, ಅದರ ಮೇಲಿನ ಕಾಲು ಭಾಗ. ಕೊಯ್ಯುವಾಗ ಆ ಜಾಗ ಹಿಂದಿನ ಇನ್ನೊಂದು ಕೊಂಬೆಗೆ ತಾಗಿದರೆ ಸರಪಳಿ ಮರವನ್ನು ಕೊಯ್ಯುವ ಬದಲು ಅದನ್ನು ಹತ್ತಲು ನೋಡುತ್ತದೆ. ಇಡೀ ಗರಗಸ ಮೇಲಕ್ಕೆ, ಮುಖದ ಕಡೆಗೆ ಚಿಮ್ಮುತ್ತದೆ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿಕೊಂಡಿದ್ದರೆ ಮಾತ್ರ ಅದನ್ನು ತಡೆಯಲು ಆಗುತ್ತದೆ. ಹಿಡಿಯ ಮುಂದಿರುವ ತಡೆ ಬರೀ ಕೈಗೆ ರಕ್ಷಣೆಯಲ್ಲ, ಅದೇ ಚೈನ್ ಬ್ರೇಕ್. ಮುಂದಕ್ಕೆ ತಳ್ಳಿದರೆ ಸರಪಳಿ ನಿಲ್ಲುತ್ತದೆ. ಸ್ಟಾರ್ಟ್ ಮಾಡುವಾಗ ಬ್ರೇಕ್ ಹಾಕಿ, ಗರಗಸ ನೆಲಕ್ಕಿಟ್ಟು, ಹಿಂದಿನ ಹಿಡಿಯನ್ನು ಬಲಗಾಲಿನ ಬೂಟಿನಿಂದ ಒತ್ತಿ ಹಿಡಿದು ದಾರ ಎಳೆಯುತ್ತೇನೆ. ಗಾಳಿಯಲ್ಲಿ ತೂಗಾಡಿಸಿ ಎಳೆಯುವುದು ನೋಡಲು ಸ್ಟೈಲ್, ಅಷ್ಟೇ. ಭುಜದಿಂದ ಮೇಲಿನ ಕೊಂಬೆಯನ್ನು ಕೊಯ್ಯುವುದಿಲ್ಲ. ದೊಡ್ಡ ಮರ ಉರುಳಿಸುವುದು ನನ್ನ ಕೆಲಸವೇ ಅಲ್ಲ, ಅದಕ್ಕೆ ತಿಳಿದವರನ್ನೇ ಕರೆಸುತ್ತೇನೆ. ಗಾಳಿಗೆ ಬಿದ್ದು ಬಾಗಿ ನಿಂತ ಮರವನ್ನಂತೂ ಮುಟ್ಟುವುದೇ ಇಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ, ಪಂಚೆ ಎತ್ತಿ ಕಟ್ಟಿ ಹೆಗಲ ಮೇಲೆ ಬೈರಾಸು ಹಾಕಿಕೊಂಡು ತಿರುಗುವ ಮೆಷಿನ್ ಹತ್ತಿರ ಹೋಗುವ ಹಾಗಿಲ್ಲ. ಪ್ಯಾಂಟು, ಮೈಗೆ ಅಂಟಿದ ಅಂಗಿ. ಕೊರಳ ಸರ ತೆಗೆದಿಡುವುದು, ಜನಿವಾರ ಇದ್ದರೆ ಬನಿಯನ್ ಒಳಗೆ. ಸ್ಟ್ಯಾಂಡ್‌ಗೆ ಕೂರಿಸಿದ ಡ್ರಿಲ್ ಮೆಷಿನ್‌ನಲ್ಲಿ ಕೆಲಸ ಮಾಡುವಾಗ ಗ್ಲೌಸ್ ಕೂಡ ಹಾಕುವುದಿಲ್ಲ. ಬಟ್ಟೆಯ ಒಂದು ಎಳೆ ಸಿಕ್ಕಿದರೂ ಬಿಟ್ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಹಳೇ ಮನೆಯ ತೊಲೆ, ಬಾಗಿಲು ಬಿಚ್ಚಿದ ಮರ ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕುತ್ತೇನೆ. ಬೀಟೆ, ಸಾಗುವಾನಿಯ ಪುಡಿ ಕೆಲವರಿಗೆ ಕೆಮ್ಮು, ತುರಿಕೆ ತರುತ್ತದೆ, ಗಟ್ಟಿ ಮರದ ಪುಡಿ ವರ್ಷಗಟ್ಟಲೆ ಒಳಗೆ ಹೋದರೆ ಮೂಗಿನ ಕ್ಯಾನ್ಸರ್‌ಗೂ ಕಾರಣ. ಎನ್95 ಮಾಸ್ಕ್ ದುಬಾರಿಯೇನಲ್ಲ.

ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದಾಗ ಮೆಷಿನ್ ಶುರು ಮಾಡುವುದಿಲ್ಲ. ನಮ್ಮಲ್ಲಿಂದ ತೀರ್ಥಹಳ್ಳಿ ಆಸ್ಪತ್ರೆಗೇ ಹೊತ್ತು ಬೇಕು, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಇನ್ನೂ 60 ಕಿ.ಮೀ. ಆಚೀಚೆ. ತೋಟದ ತಗ್ಗಿನಲ್ಲಿ ಫೋನ್ ಸಿಗ್ನಲ್ ಇಲ್ಲ. ಮನೆಯವರಿಗೆ ಮೂರು ವಿಷಯ ಹೇಳಿಕೊಟ್ಟಿದ್ದೇನೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಐದೈದು ನಿಮಿಷಕ್ಕೆ ತೆಗೆದು ನೋಡಬಾರದು, ಕಾಫಿ ಪುಡಿ ಅರಿಶಿನ ತುಂಬಬಾರದು. ಬೆರಳು ತುಂಡಾದರೆ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಮೇಲಿಡಬೇಕು. ಬೆರಳಿಗೆ ನೇರ ಐಸ್ ತಾಗಬಾರದು. ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕರೆ ಉಜ್ಜುವುದಿಲ್ಲ, ಕೀಳುವುದಿಲ್ಲ, ಕಣ್ಣಿಗೆ ಒತ್ತಡ ಬೀಳದ ಹಾಗೆ ಮುಚ್ಚಿ ಸೀದಾ ಡಾಕ್ಟರ ಹತ್ತಿರ. 108 ಸಿಗುವವರೆಗೆ ಕಾಯುವುದೋ, ಪಕ್ಕದ ಮನೆಯ ಜೀಪೋ ಅನ್ನುವುದನ್ನೂ ಮೊದಲೇ ಮಾತಾಡಿಟ್ಟುಕೊಂಡಿದ್ದೇವೆ.

ಕೊನೆಗೆ, ಕಡ ಕೊಡುವ ಕಥೆ. ಹಳ್ಳಿಯಲ್ಲಿ ಮೆಷಿನ್ ಇಟ್ಟುಕೊಂಡು ಕೊಡುವುದಿಲ್ಲ ಅಂದರೆ ನಡೆಯುವುದಿಲ್ಲ. ಭಾವ ಬರುತ್ತಾನೆ, ಪಕ್ಕದ ಮನೆಯವರು ಬರುತ್ತಾರೆ. ನಾನು ಮೆಷಿನ್, ಗಾರ್ಡ್, ಸ್ಪ್ಯಾನರ್, ಕನ್ನಡಕ, ಮೂರು ಪಿನ್ನಿನ ಬೋರ್ಡ್ ಎಲ್ಲ ಒಂದೇ ಚೀಲಕ್ಕೆ ಹಾಕಿ ಕೊಡುತ್ತೇನೆ. ಗಾರ್ಡ್ ಇಲ್ಲದೆ ವಾಪಸ್ ಬಂದರೆ ಮುಂದಿನ ಸಲ ಚೈನ್ ಸಾ ಕೇಳಿದಾಗ "ಕಾರ್ಬೊರೇಟರ್ ರಿಪೇರಿಗೆ ಹೋಗಿದೆ" ಅನ್ನುತ್ತೇನೆ. ಭಾವನಿಗೆ ಈಗ ಅರ್ಥ ಆಗಿದೆ, ಚೀಲದ ಬಾಯಿ ಬಿಚ್ಚಿ ತೋರಿಸಿಯೇ ವಾಪಸ್ ಕೊಡುತ್ತಾನೆ.