ವಿಂಡೋಸ್ 7ರಲ್ಲಿ ಫೈರ್‌ಫಾಕ್ಸ್ ಕೈಕೊಟ್ಟರೆ ಅನ್‌ಇನ್‌ಸ್ಟಾಲ್ ಮಾಡಬೇಡಿ

ಹಳೇ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ತೊಂದರೆ ಕೊಟ್ಟ ಕೂಡಲೇ ಜನ ಅದನ್ನು ತೆಗೆದು ಮತ್ತೆ ಹಾಕುತ್ತಾರೆ. ಆಮೇಲೂ ಅದೇ ಗೋಳು. ಯಾಕೆಂದರೆ ಕೆಟ್ಟಿರುವುದು ಬಹಳ ಸಲ ಪ್ರೊಫೈಲ್ ಫೋಲ್ಡರ್, ಅಂದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್. ಅದು ಬೇರೆ ಕಡೆ ಇರುತ್ತದೆ, ಅನ್‌ಇನ್‌ಸ್ಟಾಲ್ ಮಾಡಿದರೂ ಹಾಗೇ ಉಳಿಯುತ್ತದೆ. ಇನ್ನು ಕೆಲವರು ಆ ಫೋಲ್ಡರನ್ನೇ ಹುಡುಕಿ ಅಳಿಸುತ್ತಾರೆ. ನಮ್ಮ ಅತ್ತೆಯ ಕಂಪ್ಯೂಟರಿಗೆ ರಿಪೇರಿಯವರೊಬ್ಬರು ಹಾಗೇ ಮಾಡಿದರು. ಪಾಸ್‌ವರ್ಡ್ ಒಂದೂ ಉಳಿಯಲಿಲ್ಲ.

ಮೊದಲು ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟನ್ನು ಬ್ರೌಸರ್ ನಂಬುವುದಿಲ್ಲ. ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ.

ಆಮೇಲೆ ಆವೃತ್ತಿ. ವಿಂಡೋಸ್ 7ಕ್ಕೆ ಕೊನೆಯದು 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ). ಅದರಲ್ಲೂ 115.13 ಅಥವಾ ಅದಕ್ಕಿಂತ ಹೊಸದು ಬೇಕು. ಆಡ್-ಆನ್‌ಗಳು (ಎಕ್ಸ್‌ಟೆನ್ಶನ್‌ನಂಥ ಹೆಚ್ಚುವರಿ ಜೋಡಣೆಗಳು) ಅಸಲಿಯೇ ಅಂತ ಪರೀಕ್ಷಿಸಲು ಹಳೆಯವುಗಳೊಳಗೆ ಇದ್ದ ರೂಟ್ ಸರ್ಟಿಫಿಕೇಟಿನ ಅವಧಿ 2025ರ ಮಾರ್ಚ್ 14ಕ್ಕೆ ಮುಗಿದಿದೆ, ಹಾಗಾಗಿ ಅವು ನಿಂತುಹೋಗುತ್ತವೆ. ಮೊಜಿಲ್ಲಾದ ಸೈಟಿನಿಂದಲೇ ಇಳಿಸಿಕೊಳ್ಳಿ. ‘ಪಿಸಿ ಕ್ಲೀನರ್’ ಅಂತ ಬರುವ ಯಾವುದನ್ನೂ ಹತ್ತಿರ ಸೇರಿಸಬೇಡಿ.

ಈಗ ಶಿಫ್ಟ್ ಕೀ ಒತ್ತಿ ಹಿಡಿದು ಫೈರ್‌ಫಾಕ್ಸ್ ತೆರೆಯಿರಿ. ಆಗ ಬರುವ ಟ್ರಬಲ್‌ಶೂಟ್ ಮೋಡ್‌ನಲ್ಲಿ ಎಕ್ಸ್‌ಟೆನ್ಶನ್‌ಗಳೆಲ್ಲ ತಾತ್ಕಾಲಿಕವಾಗಿ ಆಫ್ ಆಗಿರುತ್ತವೆ. ಅದರಲ್ಲಿ ಚೆನ್ನಾಗಿ ಓಡಿದರೆ ಸಾಮಾನ್ಯವಾಗಿ ತಪ್ಪು ಎಕ್ಸ್‌ಟೆನ್ಶನ್‌ದು, ಇಲ್ಲವೇ ಹಾರ್ಡ್‌ವೇರ್ ಆಕ್ಸಲರೇಶನ್‌ದು, ಅಂದರೆ ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಸೌಲಭ್ಯದ್ದು. ಹಳೇ ಗ್ರಾಫಿಕ್ಸ್ ಡ್ರೈವರ್ ಇದ್ದರೆ ನಾನು ಮೊದಲು ಆ ಆಕ್ಸಲರೇಶನ್ನನ್ನೇ ಆಫ್ ಮಾಡುತ್ತೇನೆ. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿದೆ.

ಇಷ್ಟಕ್ಕೂ ಬಗ್ಗದಿದ್ದರೆ ಪ್ರೊಫೈಲ್. ಇಲ್ಲಿ ಆತುರ ಬೇಡ. ಮೂರು ಗೆರೆಯ ಮೆನು, ಹೆಲ್ಪ್, ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್. ಅಲ್ಲಿ ಪ್ರೊಫೈಲ್ ಫೋಲ್ಡರ್ ಎದುರಿನ ಓಪನ್ ಫೋಲ್ಡರ್ ಒತ್ತಿ. ಆಮೇಲೆ ಫೈರ್‌ಫಾಕ್ಸ್ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಟಾಸ್ಕ್ ಮ್ಯಾನೇಜರಿನಲ್ಲೂ ಅದು ಇರಬಾರದು. ತೆರೆದ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೆ ಹೋಗಿ, ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಬೇಕಾದ ಫೈಲ್ ಮಾತ್ರ ಸಾಕು ಅಂತ ಆರಿಸಬೇಡಿ. ಲಾಗಿನ್ಸ್.ಜೇಸನ್‌ನಲ್ಲಿ ಪಾಸ್‌ವರ್ಡ್‌ಗಳು ಬೀಗ ಹಾಕಿಕೊಂಡು ಕೂತಿವೆ, ಬೀಗದ ಕೈ ಇರುವುದು ಕೀ4.ಡಿಬಿ ಎಂಬ ಇನ್ನೊಂದು ಫೈಲಿನಲ್ಲಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನೂ ಉಪಯೋಗವಿಲ್ಲ.

ಕಾಪಿ ಆದ ಮೇಲೆ ಮತ್ತೆ ಅದೇ ಪುಟಕ್ಕೆ ಬಂದು ರಿಫ್ರೆಶ್ ಫೈರ್‌ಫಾಕ್ಸ್ ಒತ್ತಿ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ, ಎಕ್ಸ್‌ಟೆನ್ಶನ್‌ಗಳು ಹೋಗುತ್ತವೆ. ಡೆಸ್ಕ್‌ಟಾಪಿನಲ್ಲಿ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಅಂತ ಒಂದು ಫೋಲ್ಡರ್ ಬರುತ್ತದೆ. ಕಸ ಅಂದುಕೊಂಡು ಸುಮ್ನೆ ಅಳಿಸಬೇಡಿ, ತಿಂಗಳಾದರೂ ಇರಲಿ.

ಎಕ್ಸ್‌ಟೆನ್ಶನ್‌ಗಳನ್ನು ದಿನಕ್ಕೊಂದರಂತೆ ವಾಪಸ್ ಹಾಕಿ. ಹಾಳುಮಾಡಿದ್ದು ಯಾವುದು ಅಂತ ಆಗ ಗೊತ್ತಾಗುತ್ತದೆ. ಬ್ಯಾಂಕಿನ ಕೆಲಸ ಮಾತ್ರ ಈ ಕಂಪ್ಯೂಟರಿನಲ್ಲಿ ಬೇಡವೇ ಬೇಡ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ.